ಒಂದೇ ವಾಕ್ಯದ ಕಥೆ

ಮೂವತ್ತಕ್ಕೂ ಮಿಕ್ಕು ವರ್ಷ ಹುಡುಗರ ನಿಬಂಧಗಳನ್ನು ತಿದ್ದಿದ ನಾವು, ನಿವೃತ್ತಿಯೊಡನೆ ಆ ಕೆಂಪು ಮಸಿಯ ಕೆಲಸವೂ ಮುಗಿಯಿತೆಂದು ತಿಳಿದಿದ್ದೆವು. ಆದರೆ ಕಳೆದ ಚೈತ್ರದಲ್ಲಿ ಅದು ತಾನಾಗಿಯೇ ನಮ್ಮ ಬಾಗಿಲಿಗೆ ಬಂದಿತು. ಸಿನಿಮಾ ಕಥೆ ಬರೆಯುವ ಹಂಬಲದಿಂದ ಬೆಂಗಳೂರು ಸೇರಿದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕೊಲ್ಹಾರಕ್ಕೆ ಬಂದವನೇ ಒಂದು ಚೀಟಿಯನ್ನು ನಮ್ಮ ಮುಂದಿಟ್ಟು, “ಗುರುಗಳೇ, ಇದನ್ನಷ್ಟು ತಿದ್ದಿ ಕೊಡ್ರಿ” ಎಂದನು. ಅವನ ಪತ್ತೇದಾರಿ ಕಥೆ ನೂರು ಪುಟಕ್ಕೂ ಮಿಕ್ಕಿತ್ತು. ಚೀಟಿಯಲ್ಲಿದ್ದುದು ಒಂದೇ ವಾಕ್ಯ.

ಚಿತ್ರರಂಗದವರು ಇದನ್ನು ‘ಲಾಗ್‌ಲೈನ್’ ಎನ್ನುವರಂತೆ. ಹಣ ಹೂಡುವ ನಿರ್ಮಾಪಕನಿಗೆ ಬಂದ ಕಥೆಗಳನ್ನೆಲ್ಲ ಓದುವಷ್ಟು ವ್ಯವಧಾನವಿರುವುದಿಲ್ಲ. ಕಥೆ ಯಾರದು, ಅವನಿಗೆ ಬೇಕಾದುದೇನು, ಅದಕ್ಕೆ ಅಡ್ಡಿಯೇನು, ಸೋತರೆ ಹೋಗುವುದೇನು ಎಂಬುದು ಇಪ್ಪತ್ತೈದು ಮೂವತ್ತು ಮಾತುಗಳಲ್ಲಿ ತಿಳಿದರೆ ಮಾತ್ರ ಅವನು ಪುಟ ತಿರುವುವನು. ಈ ಹುಡುಗನಿಗಾದರೋ ಅದೇ ಕಡೆಯ ಅವಕಾಶ. ಗಡಿಗೆ ಮೊಸರು ಮಾರಿ ಅವನನ್ನು ಓದಿಸಿದ ತಾಯಿ, “ಈ ಸಲ ಆಗದಿದ್ದರ ಊರಿಗೆ ಬಂದುಬಿಡು” ಎಂದು ಹೇಳಿಬಿಟ್ಟಿದ್ದಳು.

ವಾಕ್ಯ ಹೀಗಿತ್ತು: ‘ಭೂತಕಾಲದ ಕರಾಳ ರಹಸ್ಯ ಬೆನ್ನಟ್ಟುತ್ತಿರಲು, ಧೈರ್ಯಶಾಲಿ ಪೊಲೀಸ್ ಅಧಿಕಾರಿಯೊಬ್ಬನು ಭೀಭತ್ಸ ಕೊಲೆಗಳ ಜಾಲವನ್ನು ಭೇದಿಸಿ ನ್ಯಾಯಕ್ಕಾಗಿ ಹೋರಾಡುತ್ತಾನೆ.’

ನಾವು ಮಾಡಿದ ಮೊದಲನೆಯ ಕೆಲಸವೆಂದರೆ ‘ಭೀಭತ್ಸ’ವನ್ನು ‘ಬೀಭತ್ಸ’ವಾಗಿಸಿದುದು. ಹುಡುಗನ ಮುಖ ಬಾಡಿತು. ಆಗ ನಮ್ಮ ತಪ್ಪು ನಮಗೇ ಹೊಳೆಯಿತು. ಅಕ್ಷರ ಶುದ್ಧವಾಯಿತು, ವಾಕ್ಯಕ್ಕೆ ಜೀವ ಬರಲಿಲ್ಲ. ಅದು ನೂರು ಚಿತ್ರಗಳಿಗೆ ಒಪ್ಪುವ ವಾಕ್ಯ. ಆದುದರಿಂದ ಯಾವ ಚಿತ್ರದ್ದೂ ಅಲ್ಲ.

ನಮ್ಮ ನಾಟ್ಯಶಾಸ್ತ್ರಕಾರರು ಕಥಾವಸ್ತುವಿನ ಐದು ಅರ್ಥಪ್ರಕೃತಿಗಳಲ್ಲಿ ‘ಬೀಜ’ವನ್ನು ಮೊದಲು ಎಣಿಸಿರುವರಷ್ಟೆ. ಬಿತ್ತುವಾಗ ಅಲ್ಪವಾಗಿದ್ದು, ಮುಂದೆ ಬಹುವಾಗಿ ಹಬ್ಬುವುದೇ ಬೀಜ. ಶೂದ್ರಕನ ಮೃಚ್ಛಕಟಿಕವು ಹತ್ತು ಅಂಕಗಳ ನಾಟಕ. ಕೊಲೆಯ ಯತ್ನ, ಕನ್ನಗಳ್ಳತನ, ನ್ಯಾಯಸ್ಥಾನದ ವಿಚಾರಣೆ ಎಲ್ಲವೂ ಅದರಲ್ಲಿವೆ. ಆದರೂ ಅದರ ಅಪರಾಧದ ಎಳೆಯನ್ನು ಒಂದು ಉಸಿರಿನಲ್ಲಿ ಹೇಳಬಹುದು: ಬಡತನಕ್ಕಿಳಿದ ಸಜ್ಜನನೊಬ್ಬನು ತಾನು ಪ್ರೀತಿಸಿದವಳನ್ನೇ ಕೊಂದನೆಂಬ ಆರೋಪಕ್ಕೆ ಗುರಿಯಾಗುತ್ತಾನೆ; ದೂರು ಕೊಟ್ಟವನು ಅವಳ ಕೊರಳು ಹಿಸುಕಿದವನೇ. 2019ರಲ್ಲಿ ತೆರೆಕಂಡ ಹೇಮಂತ್ ರಾವ್ ಅವರ ‘ಕವಲುದಾರಿ’ಯೂ ಹಾಗೆಯೇ: ಅಪರಾಧ ವಿಭಾಗ ಸೇರಬೇಕೆಂದು ಬಯಸುವ ಸಂಚಾರಿ ಪೊಲೀಸನಿಗೆ, ರಸ್ತೆ ಅಗೆದಲ್ಲಿ ಎಲುಬುಗಳು ದೊರೆಯುತ್ತವೆ, ಆದರೆ ಅದರ ತನಿಖೆ ಅವನ ಕೆಲಸವಲ್ಲ. ಎರಡರಲ್ಲಿಯೂ ಗುಣವಾಚಕಗಳ ಆರ್ಭಟವಿಲ್ಲ. ಬಿಡಿಸಬೇಕಾದ ಗಂಟು ಇದೆ.

“ನಿನ್ನ ಗಂಟು ಯಾವುದು?” ಎಂದು ಕೇಳಿದೆವು. ಆಗ ಅವನು ನಮ್ಮ ಊರಿನ ಕಥೆಯನ್ನೇ ಹೇಳಿದನು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರ ಮುಳುಗಿದುದನ್ನು ವಾಚಕರು ಬಲ್ಲರು. ಬೇಸಗೆಯಲ್ಲಿ ನೀರು ಇಳಿದಾಗ, ಮುಳುಗಿದ ಮನೆಯೊಂದರ ಹಗೇವಿನಲ್ಲಿ, ಎಂದರೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜದಲ್ಲಿ, ಒಂದು ಅಸ್ಥಿಪಂಜರ ಕಾಣುವುದಂತೆ. ಆ ಮನೆ ಪೊಲೀಸನದೇ. “ಮೊದಲೇ ಇದನ್ನು ಏಕೆ ಬರೆಯಲಿಲ್ಲ?” ಎಂದೆವು.

ಮರುದಿನ ತಂದ ವಾಕ್ಯ ಇಡೀ ಪುಟವನ್ನೇ ತುಂಬಿತ್ತು. 1964ರ ಶಂಕುಸ್ಥಾಪನೆ, 519.60 ಮೀಟರಿನ ಜಲಮಟ್ಟ, ಪರಿಹಾರದ ಹಣ, ಇಬ್ಬರು ಗುತ್ತಿಗೆದಾರರು, ಒಬ್ಬ ಶಾಸಕ, ಯಾವುದೂ ಬಿಟ್ಟುಹೋಗಿರಲಿಲ್ಲ. ಸಂಗತಿಗಳು ನಿಜವಿರಬಹುದು, ಆದರೆ ಬೀಜದೊಳಗೆ ಮರವನ್ನೇ ತುರುಕಿದಂತಾಗಿತ್ತು. ಅರ್ಧಮಾತ್ರೆ ಉಳಿದರೆ ಪುತ್ರೋತ್ಸವದಷ್ಟು ಹಿಗ್ಗುವ ವೈಯಾಕರಣರ ಪರಂಪರೆಯವರಾದ ನಾವು ಮೊಟಕು ಮಾಡಲು ಹೊರಟೆವು. ಆದರೆ ಯಾವುದನ್ನು ಕಡಿಯಬೇಕು? ಕೇಳುವವರನ್ನೇ ಕೇಳೋಣವೆಂದು ಸಂಜೆ ನಾಲ್ವರನ್ನು ಜಗಲಿಯ ಮೇಲೆ ಕೂಡಿಸಿ ಅದನ್ನು ಓದಿಸಿದೆವು.

ನಮ್ಮ ಮನೆಯವರು, “ಇದರಾಗ ಐದಾರು ಮಂದಿ ಬಂದ್ರು, ನಾನು ಯಾರ ಸಂಗಡ ಹೋಗಲಿ?” ಎಂದರು. ನಿವೃತ್ತ ಹವಾಲ್ದಾರ ಮಿತ್ರರು ನಕ್ಕು, “ಸ್ವಂತ ಮನಿಯೊಳಗಿನ ಹೆಣದ ತನಿಖೆ ಯಾವ ಸಾಹೇಬರೂ ಅವನ ಕೈಗೆ ಕೊಡೂದಿಲ್ಲ” ಎಂದರು. ನೆರೆಮನೆಯ ತರುಣನು ನಡುವೆಯೇ ಆಕಳಿಸಿ, “ಒಂದು ಕಾರಿನ ಚೇಸಿಂಗ್ ಹಾಕು” ಎಂದನು. ಹುಡುಗನ ತಾಯಿ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, “ಅಲ್ಲೋ ತಮ್ಮಾ, ಸತ್ತಾಂವಗ ಮನಿಮಂದಿ ಯಾರೂ ಇರಲಿಲ್ಲೇನು?” ಎಂದಳು.

ಹುಡುಗನು ಕಳವಳಗೊಂಡು, “ನಾಲ್ಕು ಮಂದಿ ನಾಲ್ಕು ಮಾತು ಹೇಳಿದ್ರು, ಯಾರ ಮಾತು ಕೇಳಲಿ, ಗುರುಗಳೇ?” ಎಂದನು. ಈ ಲೇಖನದಲ್ಲಿ ನಾವು ಹೇಳತಕ್ಕ ಮುಖ್ಯ ವಿಷಯ ಇದೇ. ರೋಗಿಯು ಎಲ್ಲಿ ನೋಯುತ್ತದೆಂದು ಹೇಳಬಲ್ಲನು. ಔಷಧವನ್ನು ವೈದ್ಯನೇ ಗೊತ್ತುಮಾಡಬೇಕು. ಕೇಳುಗರ ಮಾತೂ ಅಂತಹದೇ. ತರುಣನ ಕಾರು ನಮಗೆ ಬೇಡ. ಆದರೆ ಅವನು ಆಕಳಿಸಿದುದು ಸುಳ್ಳಲ್ಲ. ಆ ಕಥೆಗೆ ಅವಸರವೇ ಇರಲಿಲ್ಲ. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಹಿಡಿದರೆ ಕೃಷ್ಣೆ ಏರುವಳು, ಹಗೇವು ಮತ್ತೆ ಮುಳುಗುವುದು. ಅವಸರವನ್ನು ಹೊಳೆಯೇ ಕೊಡುತ್ತದೆ. ಹವಾಲ್ದಾರರ ಆಕ್ಷೇಪಕ್ಕೆ ಹೆದರಿ ಮನೆಯನ್ನು ಬದಲಿಸಬೇಕಾಗಿಲ್ಲ. ತನಿಖೆಯಿಂದ ಹೊರಗಿಟ್ಟುದನ್ನೇ ಅವನ ಅಡ್ಡಿಯನ್ನಾಗಿ ಮಾಡಬಹುದು. ತಾಯಿಯ ಪ್ರಶ್ನೆಯಾದರೋ ಎಲ್ಲಕ್ಕಿಂತ ಆಳವಾದುದು. ಕೊಲೆಯ ಕಥೆಯಲ್ಲಿ ಹೆಣವು ಬರಿಯ ಒಗಟಲ್ಲ; ಅದು ಯಾರದೋ ಮಗ, ಯಾರದೋ ಗಂಡ. ನಾವಾಗಲಿ ಹುಡುಗನಾಗಲಿ ಅದನ್ನು ನೆನೆದಿರಲೇ ಇಲ್ಲ.

ಆ ರಾತ್ರಿ ಹಲವು ಸಲ ಬರೆದು ಹೊಡೆದುಹಾಕಿದ ಮೇಲೆ ನಿಂತ ವಾಕ್ಯವಿದು: ‘ಹಿನ್ನೀರು ಇಳಿದು, ಮುಳುಗಿದ ತನ್ನ ಮನೆಯ ಹಗೇವಿನಲ್ಲಿ ಅಸ್ಥಿಪಂಜರ ಕಾಣಲು, ತನಿಖೆಯಿಂದ ಹೊರಗಿಡಲ್ಪಟ್ಟ ಪೊಲೀಸನೊಬ್ಬನು ಹೊಳೆ ಮರಳಿ ಏರುವುದರೊಳಗೆ ನಿಜವನ್ನು ತಿಳಿಯಬೇಕು, ತಿಳಿದರೆ ತಂದೆಯನ್ನು ಕಳೆದುಕೊಂಡಾನು, ಬಿಟ್ಟರೆ ನೆರೆಮನೆಯ ಮುದುಕಿ ಗಂಡನ ದಾರಿ ಕಾಯುತ್ತಲೇ ಸತ್ತಾಳು.’

ಕೊಂದವನು ಯಾರೆಂಬುದು ಇದರಲ್ಲಿಲ್ಲ, ಇರಲೂ ಕೂಡದು. ವಾಕ್ಯದ ಕೆಲಸ ಗಂಟು ತೋರಿಸುವುದು, ಬಿಚ್ಚುವುದಲ್ಲ. ಆದರೆ ಗಂಟು ಬದಲಾದ ಮೇಲೆ ಒಳಗಿನ ಪುಟಗಳೂ ಬದಲಾಗಲೇಬೇಕಾಯಿತು. ಮುದುಕಿಗೆ ಕಥೆಯಲ್ಲಿ ಎಡೆ ಮಾಡಲು ಹುಡುಗನು ಶಾಸಕನನ್ನೂ ಗುತ್ತಿಗೆದಾರರನ್ನೂ ತೆಗೆದುಹಾಕಿದನು.

ವೈಶಾಖದಲ್ಲಿ ಅವನು ಬೆಂಗಳೂರಿಗೆ ಹೊರಟನು. ನಿರ್ಮಾಪಕರ ಉತ್ತರ ಇನ್ನೂ ಬಂದಿಲ್ಲ. ಬಸ್ಸು ಹತ್ತುವ ಮುನ್ನ ಅವನು ಆ ವಾಕ್ಯವನ್ನು ತಾಯಿಗೆ ಓದಿ ಹೇಳಿದನಂತೆ. ಆಕೆ ಕೇಳಿ, “ಆ ಮುದುಕಿಗೆ ಕಡೀಕ ಯಾರರೆ ಹೇಳ್ತಾರಿಲ್ಲೋ?” ಎಂದಳಂತೆ. ಊರಿಗೆ ಮರಳಿ ಬಾ ಎಂಬ ಮಾತನ್ನು ಮಾತ್ರ ಎತ್ತಲಿಲ್ಲವಂತೆ.

ಮನೆಯ ಮಕ್ಕಳು ಏನನ್ನಾದರೂ ಬರೆದು ತಂದಾಗ, ವಾಚಕರು ನಮ್ಮಂತೆ ಮೊದಲೇ ‘ಭೀಭತ್ಸ’ವನ್ನು ತಿದ್ದಲು ಹೋಗದಿರಲಿ. ಒಮ್ಮೆ ಪೂರ್ತಿ ಕೇಳಿ, ತಮ್ಮ ಮನಸ್ಸು ಎಲ್ಲಿ ಎಡವಿತೆಂಬುದನ್ನು ಹೇಳಿದರೆ ಸಾಕು. ಕಾಗುಣಿತವನ್ನು ಆಮೇಲೆ ನೋಡಿಕೊಳ್ಳಬಹುದು.