ತೋಟಕ್ಕೆ ಬೆಲೆ ಕಟ್ಟುವ ಖರ್ಚು ಯಾರದು?

ಕುಮಾರಪಟ್ಟಣದ ಸುತ್ತಿನ ಸೀಮೆಗೆ ಭೂಸ್ವಾಧೀನದ ನೋಟೀಸು ಹೊಸದಲ್ಲ. ತುಂಗಾ ಮೇಲ್ದಂಡೆ ಕಾಲುವೆ, ಹೆದ್ದಾರಿಯ ಅಗಲೀಕರಣ, ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲುಮಾರ್ಗ, ಹೀಗೆ ಒಂದಲ್ಲ ಒಂದು ಕೆಲಸಕ್ಕೆ ರೈತರ ಭೂಮಿ ಬೇಕಾಗುತ್ತಲೇ ಇದೆ. ಸಾರ್ವಜನಿಕ ಕೆಲಸಕ್ಕೆ ಭೂಮಿ ಕೊಡಬಾರದೆಂದು ನಾವು ಹೇಳುವವರಲ್ಲ. ಕೊಟ್ಟ ಭೂಮಿಗೆ ಸರಿಯಾದ ಬೆಲೆ ಬರಬೇಕು. ಆ ಬೆಲೆಯನ್ನು ರುಜುವಾತುಪಡಿಸುವ ಖರ್ಚು ರೈತನ ತಲೆಯ ಮೇಲೆ ಬೀಳಬಾರದು. ನಮ್ಮ ಮಾತು ಇಷ್ಟೇ.

2014ರ ಜನವರಿ 1ರಿಂದ ಜಾರಿಯಲ್ಲಿರುವ 2013ರ ಭೂಸ್ವಾಧೀನ ಕಾಯಿದೆ 1894ರ ಹಳೆಯ ಕಾಯಿದೆಗಿಂತ ಎಷ್ಟೋ ಮೇಲು. ಹಳೆಯದರಲ್ಲಿ 1984ರ ತಿದ್ದುಪಡಿಯ ನಂತರವೂ ಶೇಕಡಾ 30 ಇದ್ದ ಸಾಂತ್ವನ ಧನ ಈಗ ಶೇಕಡಾ 100 ಆಗಿದೆ. ಆದರೆ ಮೂಲ ಬೆಲೆಯೇ ಕಡಿಮೆಯಾದರೆ ಅದನ್ನು ಇಮ್ಮಡಿಸಿ ಫಲವೇನು?

ಬೆಲೆ ನಿರ್ಧಾರಕ್ಕೆ ಹಿಂದಿನ 3 ವರ್ಷಗಳ ಕ್ರಯಪತ್ರಗಳನ್ನು ನೋಡುತ್ತಾರೆ. ಮುದ್ರಾಂಕ ಶುಲ್ಕ ಉಳಿಸಲೆಂದು ಕಡಿಮೆ ಮೊತ್ತ ಬರೆಸಿದವರು ನಮ್ಮಲ್ಲೇ ಇದ್ದಾರೆ. ಅಂದು ಉಳಿಸಿದ ಹಣ ಇಂದು ನೆರೆಯವನ ಪರಿಹಾರದಿಂದ ಮುರಿದುಹೋಗುತ್ತದೆ. ಪಹಣಿ ಉತಾರದಲ್ಲಿ ಗೋವಿನಜೋಳವೆಂದಿದ್ದು ಹೊಲದಲ್ಲಿ ಅಡಿಕೆ ನಿಂತಿದ್ದರೆ ತಕರಾರು ಅಲ್ಲಿಂದಲೇ ಶುರುವಾಗುತ್ತದೆ.

ಗಿಡಮರಗಳ ಮೌಲ್ಯಕ್ಕೆ ತೋಟಗಾರಿಕೆಯ ಅನುಭವಸ್ಥರ ನೆರವನ್ನು ಅಧಿಕಾರಿ ಪಡೆಯಬಹುದೆಂದು 29ನೇ ಕಲಮು ಹೇಳುತ್ತದೆ. ಆ ‘ಬಹುದು’ ‘ಬೇಕು’ ಆಗಬೇಕೆಂಬುದು ನಮ್ಮ ಒತ್ತಾಯ. ಐದಾರು ವರ್ಷ ಸಾಕಿದ ಮೇಲೆ ಫಲಕ್ಕೆ ಬಂದ ಅಡಿಕೆ ಮರವನ್ನೂ ನಿನ್ನೆ ನೆಟ್ಟ ಸಸಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕಾಫಿ ತೋಟದ ನೆರಳು ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಗಳಿಗೂ ಇದೇ ಮಾತು. ಮೌಲ್ಯಮಾಪನದ ವರದಿಯ ನಕಲು ಐತೀರ್ಪಿಗೆ ಮೊದಲೇ ಮಾಲೀಕನ ಕೈಗೆ ಸಿಗಬೇಕು.

ಇನ್ನು ಖರ್ಚಿನ ಮಾತು. ಅಧಿಕಾರಿಯ ಐತೀರ್ಪು ಪ್ರಾಧಿಕಾರದಲ್ಲಿ ಊರ್ಜಿತವಾಗದಿದ್ದರೆ ಖರ್ಚನ್ನು ಸಾಮಾನ್ಯವಾಗಿ ಅಧಿಕಾರಿಯೇ ಭರಿಸಬೇಕೆಂದು 71ನೇ ಕಲಮಿನಲ್ಲಿದೆ. ಹಳೆಯ ಕಾಯಿದೆಯ 27ನೇ ಕಲಮಿನಲ್ಲೂ ಇದೇ ಇತ್ತು. ಆದರೆ ‘ಖರ್ಚು’ ಎಂದರೆ ಯಾವುದು? ಖಾಸಗಿ ಮೌಲ್ಯಮಾಪಕರ ಶುಲ್ಕ, ಮೋಜಣಿ, ದಾಖಲೆಗಳ ನಕಲು, ಹತ್ತಾರು ಸಲ ಬಸ್ಸು ಹತ್ತಿದ್ದು ಎಲ್ಲವೂ ಸೇರುತ್ತವೆಂದು ಅಲ್ಲಿ ಬಿಡಿಸಿ ಹೇಳಿಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯದ ಕಾನೂನಿನಲ್ಲಿ ಮಾಲೀಕನ ವಕೀಲರ ಮತ್ತು ಮೌಲ್ಯಮಾಪಕರ ಯೋಗ್ಯ ಶುಲ್ಕವನ್ನು ಸ್ವಾಧೀನ ಪಡೆಯುವವರೇ ಕೊಡಬೇಕೆಂದಿದೆ. ನಮ್ಮಲ್ಲೂ ಅಷ್ಟು ಸ್ಪಷ್ಟವಾಗಿ ಬರೆದರೆ ಎರಡೆಕರೆಯ ರೈತ ಖರ್ಚಿಗೆ ಹೆದರಿ ಸಿಕ್ಕಷ್ಟಕ್ಕೆ ಸಹಿ ಹಾಕುವುದು ತಪ್ಪೀತು.

ನಮ್ಮ ಪಾಲಿನ ಕೆಲಸವೂ ಇದೆ. ಮಿತಿಮೀರಿ ಕೇಳಿದರೂ, ಅಧಿಕಾರಿಯ ಮುಂದೆ ದಾಖಲೆ ಹಾಜರುಪಡಿಸಲು ಅಲಕ್ಷ್ಯ ಮಾಡಿದರೂ ಖರ್ಚಿನ ಹಕ್ಕಿಗೆ ಕತ್ತರಿ ಬೀಳಬಹುದೆಂದು ಅದೇ ಕಲಮು ಹೇಳುತ್ತದೆ. ಆದಾಯದ ಲೆಕ್ಕದಲ್ಲಿ ಬೆಲೆ ಕಟ್ಟುವಾಗ ವರ್ಷದ ನಿವ್ವಳ ಆದಾಯವನ್ನು 10ರಿಂದ ಗುಣಿಸುವುದು ಯೋಗ್ಯವೆಂದು 1984ರಲ್ಲಿ ದಾವಣಗೆರೆಯ ಭೂಸ್ವಾಧೀನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಂದರೆ ಲೆಕ್ಕಕ್ಕೆ ಸಿಗದ ಒಂದು ಕ್ವಿಂಟಾಲು ಹತ್ತು ಕ್ವಿಂಟಾಲಿನ ನಷ್ಟ. ಬಾಯಿಮಾತಿನಲ್ಲಿ ಚೇಣಿ ಕೊಟ್ಟವರು, ಬಿಲ್ಲಿಲ್ಲದೆ ಮಾರಿದವರು ಏನನ್ನು ತೋರಿಸಿಯಾರು? ಸಹಕಾರ ಸಂಘದ ಮಾರಾಟ ಪಟ್ಟಿಗಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಕೊನೆಗೆ ಎರಡು ಎಚ್ಚರಿಕೆ. ಈ ಕಾಯಿದೆಯಡಿ ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಬರೆಯದೆ ಹಣ ಪಡೆದವರಿಗೆ ಹೆಚ್ಚಿನ ಪರಿಹಾರ ಕೇಳುವ ಹಾದಿ ಮುಚ್ಚುತ್ತದೆ. ಐತೀರ್ಪಿನ ದಿನ ಹಾಜರಿದ್ದವರು 6 ವಾರಗಳೊಳಗೆ ಅರ್ಜಿ ಕೊಡಬೇಕು. ನೋಟೀಸು ಬಂದ ದಿನವೇ ಸದಸ್ಯ ಬಾಂಧವರು ತಮ್ಮ ಪಟ್ಟಿಗಳ ಕಟ್ಟನ್ನು ಬಿಚ್ಚಲಿ. ಹತ್ತು ವರ್ಷಗಳ ಮಾರಾಟದ ದೃಢೀಕೃತ ವಿವರವನ್ನು ಸಂಘಗಳು ಸದಸ್ಯರಿಗೆ ಉಚಿತವಾಗಿ ಕೊಡಲಿ. ಖರ್ಚನ್ನು ಸರ್ಕಾರದಿಂದ ಕೇಳುವ ನಾವು ಇಷ್ಟನ್ನಾದರೂ ನಮ್ಮ ಮನೆಯಿಂದಲೇ ಆರಂಭಿಸುವುದು ಲೇಸು.