ನನ್ನ ಆಯ್ಕೆ ಆಡಾಸಿಟಿ, ಯಾಕಂದ್ರೆ...



ನಮ್ಮ ಶಾಲೆಯ ಕಂಪ್ಯೂಟರಿಗೆ ಧ್ವನಿ ಮುದ್ರಿಸುವ ಯಾವ ತಂತ್ರಾಂಶ ಹಾಕಬೇಕು ಎಂದು ಹೋದ ವಾರ ನಮ್ಮ ತರಗತಿಯಲ್ಲಿ ದೊಡ್ಡ ವಾದವೇ ಆಯಿತು. ಮೇಷ್ಟ್ರು "ಕೂಗಾಟ ಸಾಕು, ಅನ್ನಿಸಿದ್ದನ್ನು ಗೋಡೆ ಪತ್ರಿಕೆಗೆ ಬರೆದುಕೊಡಿ" ಅಂದ್ರು. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಓಟು ಆಡಾಸಿಟಿಗೆ.

ಇದಕ್ಕೆ ಕಾರಣ ನಮ್ಮಜ್ಜಿ. ಬೀಸೋ ಕಲ್ಲು ಹಿತ್ತಲು ಸೇರಿ ಎಷ್ಟೋ ವರ್ಷವಾಯಿತು, ಆದರೆ ರಾಗಿ ಬೀಸೋ ಪದಗಳು ಅಜ್ಜಿ ಬಾಯಲ್ಲಿ ಇನ್ನೂ ಇವೆ. ದಸರಾ ರಜೆಯಲ್ಲಿ ದೊಡ್ಡಪ್ಪನ ಮಗ ಅಣ್ಣನ ಲ್ಯಾಪ್‌ಟಾಪಿನಲ್ಲಿ ಐದು ಪದ ಮುದ್ರಿಸಿದೆವು. ಆ ತಂತ್ರಾಂಶದ ಹೆಸರು ಬೇಡ. ಮೂವತ್ತು ದಿನ ಪುಕ್ಕಟೆ ಅಂತಿತ್ತು. ಆಮೇಲೆ ತೆರೆದರೆ ದುಡ್ಡು ಕಟ್ಟು ಅಂತು. ಅಷ್ಟು ದುಡ್ಡಿಗೆ ಒಂದು ಕುರಿಮರಿ ಬರುತ್ತೆ ಅಂದ್ರು ಅಪ್ಪ. ಪದಗಳನ್ನು ನಾವು ಅದರದ್ದೇ ನಮೂನೆಯ ಕಡತದಲ್ಲಿ ಉಳಿಸಿದ್ದೆವು, ಬೇರೆ ಯಾವುದರಲ್ಲೂ ತೆರೆಯಲಿಲ್ಲ. "ನಾನ್ ಹಾಡಿದ್ದು ನಂಗೇ ಕೇಳಕ್ಕೆ ಯಾರಿಗ್ಲಾ ದುಡ್ಡು ಕೊಡ್ಬೇಕು?" ಅಂದ್ಲು ಅಜ್ಜಿ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುಕ್ತ ತಂತ್ರಾಂಶ ಅಂದರೆ ಬರೀ ಪುಕ್ಕಟೆ ಅಂತಲ್ಲ. ಅದನ್ನು ಹೇಗೆ ಬರೆದಿದ್ದಾರೆ ಎಂದು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಆಡಾಸಿಟಿಯನ್ನು 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ಶುರು ಮಾಡಿದರು, 2000ದಲ್ಲಿ ಎಲ್ಲರಿಗೂ ಬಿಟ್ಟರು.

ಅಣ್ಣನಿಗೆ ಆರ್ಡರ್ ಎಂಬುದೇ ಇಷ್ಟ. ಅದೂ ಮುಕ್ತವೇ. ಡೊಳ್ಳು, ತಾಳ, ಹಾಡು ಎಲ್ಲಕ್ಕೂ ಬೇರೆ ಬೇರೆ ಮೈಕ್ ಇಟ್ಟು ಮುದ್ರಿಸುವವರಿಗೆ ಅದೇ ಸರಿ, ಒಪ್ಪುತ್ತೇನೆ. ಆದರೆ ವಿಂಡೋಸಿಗೆ ಸಿದ್ಧವಾಗಿರುವುದನ್ನು ಅವರಿಂದ ಪಡೆಯಲು ದುಡ್ಡು ಕೊಡಬೇಕು. ಮತ್ತೆ ನಮ್ಮ ಹತ್ತಿರ ಇರೋದು ಒಂದೇ ಮೈಕು!

ಆಡಾಸಿಟಿಯಲ್ಲಿ ನನಗೆ ಬಹಳ ಹಿಡಿಸಿದ್ದು ಗದ್ದಲ ತಗ್ಗಿಸುವ ಕ್ರಮ. ನಮ್ಮ ಮನೆ ಪಕ್ಕವೇ ಹಿಟ್ಟಿನ ಗಿರಣಿ. ಅಜ್ಜಿ ಹಾಡದೇ ಸುಮ್ಮನಿದ್ದ ಎರಡು ಮೂರು ಸೆಕೆಂಡನ್ನು ಆರಿಸಿ, ಗದ್ದಲ ಅಂದರೆ ಇದು ಅಂತ ಮೊದಲು ತೋರಿಸಬೇಕು. ಆಮೇಲೆ ಇಡೀ ಪದವನ್ನು ಆರಿಸಿ ಒತ್ತಿದರೆ ಗಿರಣಿ ಸದ್ದು ತಗ್ಗುತ್ತದೆ. ಒಂದೇ ಸಮನೆ ಬರುವ ಸದ್ದಿಗೆ ಮಾತ್ರ ಇದು ನಡೆಯುತ್ತದೆ, ನಡುವೆ ಕೂಗುವ ಹುಂಜಕ್ಕೆ ನಡೆಯದು. ಆಸೆಪಟ್ಟು ಜಾಸ್ತಿ ಮಾಡಿದರೆ ಅಜ್ಜಿ ಬಿಂದಿಗೆಯೊಳಗೆ ಕೂತು ಹಾಡಿದ ಹಾಗೆ ಕೇಳುತ್ತದೆ. ನಾನು ಮಾಡಿ ನೋಡಿದ್ದೇನೆ. ಕೆಮ್ಮು ಬಂದ ಕಡೆ ಕತ್ತರಿಸಿದೆ. ಪ್ರತಿ ಪದ ಮುಗಿದ ಮೇಲೆ ಅಜ್ಜಿ "ಸಾಕೇನ್ಲಾ?" ಅನ್ನುತ್ತಾಳಲ್ಲ, ಅದನ್ನು ಕತ್ತರಿಸಲಿಲ್ಲ.

ಇದರ ಮೇಲೂ ದೂರು ಇತ್ತು, ಮುಚ್ಚಿಡಬಾರದು. 2021ರಲ್ಲಿ ಮ್ಯೂಸ್ ಗ್ರೂಪ್ ಇದನ್ನು ವಹಿಸಿಕೊಂಡಿತು. ಬಳಸುವವರ ಮಾಹಿತಿ ಸಂಗ್ರಹಿಸುವ ಬಗ್ಗೆ ಅವರು ಹೊಸ ನಿಯಮ ಬರೆದಾಗ ಜನ ರೇಗಿದರು. ಹದಿಮೂರು ತುಂಬದವರು ಬಳಸಬಾರದು ಅಂತಲೂ ಅದರಲ್ಲಿತ್ತು. (ನನಗೆ ಹದಿಮೂರು ತುಂಬಿದೆ.) ಗಲಾಟೆ ಆದ ಮೇಲೆ ನಿಯಮ ತಿದ್ದಿದರು, ವಯಸ್ಸಿನ ಮಾತನ್ನೂ ತೆಗೆದರು. ಮೂಲ ಬರಹ ತೆರೆದೇ ಇದ್ದುದರಿಂದ ಕೆಲವರು ಅದನ್ನೇ ತೆಗೆದುಕೊಂಡು ಟೆನಾಸಿಟಿ ಅಂತ ಬೇರೆಯದೇ ಮಾಡಿಕೊಂಡರು. ಬೀಗ ಹಾಕಿದ ತಂತ್ರಾಂಶದಲ್ಲಿ ಇದು ಆಗುತ್ತಿತ್ತಾ?

ಅಜ್ಜಿಯಿಂದ ಮತ್ತೆ ಹಾಡಿಸಿದೆವು. ಈ ಸಲ ಎಲ್ಲದರಲ್ಲೂ ತೆರೆಯುವ ವೇವ್ ಕಡತ ಮಾಡಿ ಎರಡು ಪೆನ್‌ಡ್ರೈವಿಗೆ ಹಾಕಿದ್ದೇನೆ. ನಾಲ್ಕು ಪದ ಬಂದವು. ಐದನೆಯದು ಅಜ್ಜಿಗೆ ಅರ್ಧಕ್ಕೇ ನಿಲ್ಲುತ್ತೆ, ಮುಂದಿನದು ನೆನಪಾಗ್ತಿಲ್ಲ. ನಿಮ್ಮ ಮನೆಯಲ್ಲಿ ಬೀಸೋ ಪದ ಬಲ್ಲವರಿದ್ದರೆ ಹೇಳಿ, ಮೈಕ್ ತಗೊಂಡು ಭಾನುವಾರವೇ ಬರ್ತೀನಿ.

– 7ನೇ ತರಗತಿ ವಿದ್ಯಾರ್ಥಿ