ಹಂಸ ಆಗದೇ ಇದ್ದಿದ್ದರೆ?



ಹೋದ ವಾರ ಮೇಷ್ಟ್ರು ನಮಗೆ ಕುರೂಪಿ ಬಾತುಕೋಳಿ ಮರಿಯ ಕಥೆ ಹೇಳಿದರು. ಬರೆದವರು ಡೆನ್ಮಾರ್ಕ್ ದೇಶದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್. 1843ರಲ್ಲಿ ಅಚ್ಚಾದ ಕಥೆ. ಆಂಡರ್ಸನ್ ಅವರ ತಂದೆ ಬೂಟು ಹೊಲಿಯುತ್ತಿದ್ದರು, ತಾಯಿ ಬೇರೆಯವರ ಬಟ್ಟೆ ಒಗೆಯುತ್ತಿದ್ದರು. ಕಷ್ಟ ಕಂಡವರು ಬರೆದ ಕಥೆ, ಅದಕ್ಕೇ ಮನಸ್ಸಿಗೆ ತಾಗುತ್ತದೆ.

ಕಥೆ ಮುಗಿದಾಗ ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಆದರೆ ಮನೆಗೆ ಹೋಗುವಾಗ ಒಂದು ಪ್ರಶ್ನೆ ಬಂತು. ಆ ಮರಿ ಹಂಸ ಆಗದೇ ಇದ್ದಿದ್ದರೆ? ಕೊನೇವರೆಗೂ ಬರೀ ಕುರೂಪಿ ಬಾತುಕೋಳಿಯೇ ಆಗಿದ್ದಿದ್ದರೆ, ಅದನ್ನು ಕುಟುಕಿದ್ದು ಸರಿ ಆಗ್ತಿತ್ತಾ?

ಅದೇ ಕಥೆಯಲ್ಲಿ ಒಬ್ಬ ಅಜ್ಜಿಯ ಮನೆ ಬರುತ್ತದೆ. ಅಲ್ಲಿಯ ಕೋಳಿ ಆ ಮರಿಗೆ ಮೊಟ್ಟೆ ಇಡೋಕೆ ಬರುತ್ತಾ ಅಂತ ಕೇಳುತ್ತದೆ. ಬರಲ್ಲ ಅಂದರೆ ಬಾಯಿ ಮುಚ್ಕೊಂಡಿರು ಅನ್ನುತ್ತದೆ. 1941ರಲ್ಲಿ ಬಂದ 'ಡಂಬೊ' ಸಿನಿಮಾದಲ್ಲೂ ಹಾಗೇ. ದೊಡ್ಡ ಕಿವಿಯ ಆನೆಮರಿಯನ್ನು ಎಲ್ಲರೂ ನಗುತ್ತಾರೆ. ಅದು ಆ ಕಿವಿಗಳಿಂದಲೇ ಹಾರಿದ ಮೇಲೆ ಹೊಗಳುತ್ತಾರೆ. ಅಂದರೆ ಹಾರೋಕೆ ಬರದ ಆನೆಗೆ ಮರ್ಯಾದೆ ಇಲ್ಲವೇ?

ಇದನ್ನು ಯಾಕೆ ಬರೀತಿದ್ದೀನಿ ಅಂದರೆ, ನಾನು ಮಾತಾಡುವಾಗ ತೊದಲುತ್ತೇನೆ. ನಿಮಗೆಲ್ಲ ಗೊತ್ತೇ ಇದೆ. ಬರೆಯುವಾಗ ಮಾತ್ರ ತೊದಲುವುದಿಲ್ಲ. ಪ್ರಾರ್ಥನೆ ಹೊತ್ತಿನಲ್ಲಿ ವಾರ್ತೆ ಓದಲು ನಿಂತಾಗ 'ಪ' ಅಕ್ಷರ ಬರಲೇ ಇಲ್ಲ. ಸಾಲಿನಲ್ಲಿ ನಕ್ಕರು. ನನಗೆ ಕಷ್ಟ ಆಗಬಾರದು ಅಂತ ಕಾಗದ ತೆಗೆದು ಬೇರೆಯವರಿಗೆ ಕೊಟ್ಟರು. ಅದು ಕರುಣೆಯೇ. ಆದರೆ ನಕ್ಕಿದ್ದಕ್ಕಿಂತ ಅದೇ ಜಾಸ್ತಿ ನೋವಾಯಿತು. ಗುರುಗಳು ಬೇಸರ ಮಾಡಿಕೊಳ್ಳಬಾರದು.

ಲೆಕ್ಕ ಹೇಳಿಕೊಡುವಾಗ ನಾನು ಎಷ್ಟು ತೊದಲಿದರೂ ಯಾರೂ ನಗುವುದಿಲ್ಲ! ಪರೀಕ್ಷೆ ಹತ್ತಿರ ಬಂದರಂತೂ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೀರಿ. ನನಗೆ ಲೆಕ್ಕ ಬರದೇ ಇದ್ದಿದ್ದರೆ?

ಪಂಚತಂತ್ರದ ನೀಲಿ ನರಿ ಬಾಯಿ ಬಿಡುವವರೆಗೂ ರಾಜನಾಗಿತ್ತು. ಊಳಿಟ್ಟ ಕೂಡಲೇ ಗುಟ್ಟು ಬಯಲಾಯಿತು. ಹೊಸಬರು ಬಂದರೆ ನಾನೂ ನೀಲಿ ನರಿಯ ಹಾಗೆ ಬಾಯಿ ಮುಚ್ಚಿಕೊಂಡಿರುತ್ತೇನೆ. ಹಾಗೆ ಇರುವುದು ತುಂಬಾ ಕಷ್ಟ.

ನನಗೆ ಇಷ್ಟವಾದ ಕಥೆ ಫರ್ಡಿನಾಂಡ್ ಎಂಬ ಹೋರಿಯದು. ಅಮೆರಿಕದ ಮನ್ರೋ ಲೀಫ್ 1936ರಲ್ಲಿ ಬರೆದದ್ದು. ಸ್ಪೇನ್ ದೇಶದ ಈ ಹೋರಿಗೆ ಗುದ್ದಾಟ ಬೇಡ, ಮರದ ಕೆಳಗೆ ಕೂತು ಹೂವಿನ ವಾಸನೆ ನೋಡುವುದೇ ಇಷ್ಟ. ಒಂಟಿಯಾಗಿದೆಯಲ್ಲಾ ಅಂತ ತಾಯಿ ಹಸು ಚಿಂತೆ ಮಾಡುತ್ತದೆ. ಆದರೆ ಮಗನನ್ನು ಕೇಳಿ ತಿಳಿದುಕೊಂಡು ಅವನ ಪಾಡಿಗೆ ಬಿಡುತ್ತದೆ. ಮುಂದೆ ಕಾಳಗದ ಕಣಕ್ಕೆ ಎಳೆದುಕೊಂಡು ಹೋದರೂ ಅದು ಕಾದಾಡುವುದಿಲ್ಲ. ಕೊನೆಗೆ ಮನೆಗೆ ಬಂದು ಮತ್ತೆ ಅದೇ ಮರದ ಕೆಳಗೆ ಕೂರುತ್ತದೆ. ಹಂಸ ಆಗಲಿಲ್ಲ, ಹಾರಲಿಲ್ಲ. ಇದ್ದ ಹಾಗೇ ಇತ್ತು.

ನಾನೇನೂ ಸಾಚಾ ಅಲ್ಲ. ಕುಂಟುವ ಗೆಳೆಯನನ್ನು ಲಗೋರಿಗೆ ಬೇಡ ಅಂದವರಲ್ಲಿ ನಾನೂ ಒಬ್ಬ. ಅವನಿಗೆ ಅಡ್ಡಹೆಸರು ಇಟ್ಟಾಗ ನಕ್ಕಿದ್ದೂ ಹೌದು. ಕುಟುಕಿಸಿಕೊಂಡವನೇ ಕುಟುಕಿದೆ. ಇವತ್ತು ಎಲ್ಲರ ಮುಂದೆ ಅವನಲ್ಲಿ ಕ್ಷಮೆ ಕೇಳುತ್ತೇನೆ.

ನನ್ನ ಬೇಡಿಕೆ ಸಣ್ಣದು. ಅಯ್ಯೋ ಪಾಪ ಅನ್ನಬೇಡಿ. ನನ್ನ ಮಾತನ್ನು ನೀವು ಮುಗಿಸಬೇಡಿ, ನಾನೇ ಮುಗಿಸುವವರೆಗೂ ಕಾಯಿರಿ. ಸೋಮವಾರ ಮತ್ತೆ ವಾರ್ತೆ ಓದಲು ನನಗೇ ಕೊಡಿ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೇ.

ತಪ್ಪಿದ್ದರೆ ತಿದ್ದಿ.

ಇಂತಿ ನಿಮ್ಮ ಸಹಪಾಠಿ,
8ನೇ ತರಗತಿ